ಕೆಲಸದಲ್ಲಿ ಗಾಯವಾದರೆ: ಆಸ್ಪತ್ರೆಯ ಚೀಟಿಯಿಂದ ಮತ್ತೆ ಡ್ಯೂಟಿಗೆ ಸೇರುವವರೆಗೆ

ಕೆಲಸದ ಜಾಗದಲ್ಲಿ ಪೆಟ್ಟಾಗಿ ಆಸ್ಪತ್ರೆಗೆ ಹೋದವರಿಗೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, "ಎಂತ ಆದದ್ದು?" ಆ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಒಂದೇ ಸಾಲಾಗಿ ಚೀಟಿಯಲ್ಲಿ ಕೂರುತ್ತದೆ. ಮುಂದೆ ರಜೆಯ ಹಣ ಎಷ್ಟು, ಪರಿಹಾರ ಸಿಗುತ್ತದಾ, ವಾಪಸ್ ಕೆಲಸಕ್ಕೆ ಹೋದಾಗ ನಿಮ್ಮ ಮಾತಿಗೆ ಬೆಲೆ ಇದೆಯಾ, ಇದೆಲ್ಲ ಹೆಚ್ಚಾಗಿ ಆ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಕಾನೂನು ನಮ್ಮ ಪರ ಇದ್ದೂ ಕೈತಪ್ಪಿ ಹೋದ ಪ್ರಕರಣಗಳಲ್ಲಿ ಜಾಸ್ತಿ ಕಾಣುವುದು ಇದೇ ಕಾರಣ. ನಡೆದದ್ದು ನಡೆದ ಹಾಗೆ ಕಾಗದದ ಮೇಲೆ ಬಂದಿರುವುದಿಲ್ಲ.

ಬೈಕಂಪಾಡಿಯ ಕಾರ್ಖಾನೆಗಳು, ಮಲ್ಪೆಯ ಐಸ್ ಪ್ಲಾಂಟ್‌ಗಳು, ಗೇರುಬೀಜದ ಫ್ಯಾಕ್ಟರಿಗಳು, ಮಣಿಪಾಲದ ಪ್ರೆಸ್‌ಗಳು, ಕಾರ್ಕಳದ ಕಲ್ಲಿನ ಕ್ವಾರಿಗಳು, ಊರಿಡೀ ಎದ್ದು ನಿಂತಿರುವ ಅಪಾರ್ಟ್‌ಮೆಂಟ್ ಸೈಟ್‌ಗಳು, ಹೋಟೆಲಿನ ಅಡುಗೆಕೋಣೆಗಳು: ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಇಲ್ಲೆಲ್ಲ ದುಡಿಯುವವರಿಗಾಗಿ ಇದನ್ನು ಬರೆದಿದ್ದೇನೆ. ಮನೆಯಲ್ಲಿ ಅಂಥವರಿದ್ದರೆ ನೀವೂ ಓದಿ. ಗಾಯವಾದವರು ಮಂಚದ ಮೇಲೆ ಇರುತ್ತಾರೆ, ಓಡಾಡಬೇಕಾದವರು ಮನೆಯವರೇ.

ಮೊದಲೇ ಒಂದು ಮಾತು. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ ಮತ್ತು 1923ರ ನೌಕರರ ಪರಿಹಾರ ಕಾಯ್ದೆ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಕಲಂ ನಂಬರುಗಳು, ಅಧಿಕಾರಿಗಳ ಹೆಸರುಗಳು ಬದಲಾಗುತ್ತವೆ. ಹಾಗಾಗಿ ನಂಬರುಗಳ ಹಿಂದೆ ಬೀಳದೆ, ಏನು ಕೇಳಬೇಕು, ಯಾವಾಗ ಕೇಳಬೇಕು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ದಿನ: ಚೀಟಿಯಲ್ಲಿ ನಿಜ ಬರೆಸಿ

ಚಿಕಿತ್ಸೆ ಮೊದಲು. ಅದರಲ್ಲಿ ಎರಡು ಮಾತಿಲ್ಲ. ಹತ್ತಿರದ ಆಸ್ಪತ್ರೆ ಯಾವುದೋ ಅಲ್ಲಿಗೆ ಹೋಗಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಇಲ್ಲವಾದರೆ ದಾರಿಯಲ್ಲಿ ಸಿಗುವ ಖಾಸಗಿ ಆಸ್ಪತ್ರೆ. ಇಎಸ್‌ಐ ಇದ್ದರೂ ತುರ್ತಿನಲ್ಲಿ ಬೇರೆ ಆಸ್ಪತ್ರೆಗೆ ಸೇರಬಹುದು. ಆದರೆ ಆದಷ್ಟು ಬೇಗ ಇಎಸ್‌ಐಗೆ ತಿಳಿಸಿ, ಬಿಲ್ಲುಗಳನ್ನೆಲ್ಲ ಇಟ್ಟುಕೊಳ್ಳಿ. ಹಣ ವಾಪಸ್ ಕೇಳಲು ಅವು ಬೇಕು.

ಇನ್ನು ಆ ಸಾಲಿನ ವಿಷಯ. ಕ್ಯಾಶುವಾಲ್ಟಿಯ ಬಾಗಿಲಲ್ಲಿ ಮತ್ತೆ ಮತ್ತೆ ನಡೆಯುವುದು ಹೀಗೆ. ಗಾಯಾಳುವಿನ ಕೈಗೆ ಬಟ್ಟೆ ಸುತ್ತಿದೆ, ರಕ್ತ ಒಸರುತ್ತಿದೆ. ಜೊತೆಗೆ ಬಂದ ಸೂಪರ್‌ವೈಸರ್ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾರೆ: "ಮನೆಯಲ್ಲಿ ಜಾರಿ ಬಿದ್ದದ್ದು ಅಂತ ಹೇಳು ಮಾರಾಯ. ಫ್ಯಾಕ್ಟರಿ ಅಂದ್ರೆ ಸುಮ್ನೆ ಪೊಲೀಸ್ ಕಿರಿಕಿರಿ. ಖರ್ಚೆಲ್ಲ ಧಣಿ ನೋಡಿಕೊಳ್ತಾರೆ." ನೋವಿನಲ್ಲಿ ಇರುವವನು ತಲೆ ಆಡಿಸುತ್ತಾನೆ. ಡ್ಯೂಟಿ ಡಾಕ್ಟರ್ ಬರೆದುಕೊಳ್ಳುತ್ತಾರೆ: ಮನೆಯಲ್ಲಿ ಬಿದ್ದು ಗಾಯ.

ಸೂಪರ್‌ವೈಸರ್ ಕೆಟ್ಟವರೇ ಆಗಿರಬೇಕು ಅಂತ ಇಲ್ಲ. ಅಪಘಾತ ದಾಖಲಾದರೆ ವರದಿ ಹೋಗಬೇಕು, ಇನ್‌ಸ್ಪೆಕ್ಟರ್ ಬರಬಹುದು, ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಗಾರ್ಡ್ ಯಾಕೆ ಇರಲಿಲ್ಲ ಅನ್ನುವ ಪ್ರಶ್ನೆ ಏಳಬಹುದು. ಅವರಿಗೂ ಅವರ ಹೆದರಿಕೆ ಇದೆ. ಆದರೆ ಅದರ ಬೆಲೆ ತೆರುವುದು ನೀವು.

ಎಷ್ಟು ಬೆಲೆ ಅಂತ ಲೆಕ್ಕ ನೋಡಿ. ತಿಂಗಳಿಗೆ 18,000 ಸಂಬಳ, ಇಎಸ್‌ಐ ಇದೆ ಎಂದುಕೊಳ್ಳಿ. ದಿನಕ್ಕೆ ಸುಮಾರು 600 ರೂಪಾಯಿ. ಕೆಲಸದಲ್ಲಿ ಆದ ಗಾಯ ಎಂದು ದಾಖಲಾದರೆ ದಿನಗೂಲಿಯ ಶೇ. 90, ಅಂದರೆ 540 ರೂಪಾಯಿ. ಡಾಕ್ಟರ್ ಕೆಲಸಕ್ಕೆ ಹೋಗಬಾರದು ಎನ್ನುವವರೆಗೂ ಸಿಗುತ್ತದೆ, ಇಂತಿಷ್ಟೇ ದಿನ ಅನ್ನುವ ಮಿತಿ ಇಲ್ಲ. ಮನೆಯಲ್ಲಿ ಬಿದ್ದದ್ದು ಎಂದಾದರೆ ಅದು ಬರೀ ಕಾಯಿಲೆ ರಜೆ. ಶೇ. 70, ಅಂದರೆ 420 ರೂಪಾಯಿ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ವರ್ಷಕ್ಕೆ 91 ದಿನ ದಾಟಿದರೆ ನಿಲ್ಲುತ್ತದೆ. ಅದೂ ಹಿಂದಿನ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಮಾತ್ರ. ಮುಂದೆ ಬೆರಳು ಮಡಚಲು ಬಾರದೆ ಹೋದರೆ ಸಿಗಬೇಕಾದ ಜೀವನಪರ್ಯಂತದ ಪಿಂಚಣಿಯಂತೂ ಪೂರ್ತಿ ಹೋಯಿತು. "ಧಣಿ ನೋಡಿಕೊಳ್ತಾರೆ" ಎಂಬ ಮಾತು ಎಷ್ಟು ತಿಂಗಳು ನಡೆಯುತ್ತದೆ ಹೇಳಿ?

ಹಾಗಾಗಿ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕೆಲಸ ಮಾಡುವಾಗ. "ಕೆಲಸದ ಜಾಗದಲ್ಲಿ ಆದದ್ದು" ಎಂದು ಬರೆದಿದ್ದಾರಾ ಅಂತ ಚೀಟಿ ಕೇಳಿ ನೋಡಿ. ಆಸ್ಪತ್ರೆಯವರು ಎಂಎಲ್‌ಸಿ ಮಾಡುತ್ತೇವೆ ಎಂದರೆ ಗಾಬರಿ ಬೇಡ. ಪೊಲೀಸರಿಗೆ ಮಾಹಿತಿ ಹೋಗುವ ದಾಖಲೆ ಅದು, ನಿಮ್ಮ ಮೇಲಿನ ಕೇಸಲ್ಲ. ಗಾಯಾಳುವಿಗೆ ಮಾತಾಡಲು ಆಗದಿದ್ದರೆ ಜೊತೆಗೆ ಹೋದ ಸಹೋದ್ಯೋಗಿಯಾದರೂ ಇಷ್ಟನ್ನು ಹೇಳಬೇಕು.

ಮೊದಲ ದಿನ ತಪ್ಪಾಗಿ ಬರೆಸಿ ಆಗಿದ್ದರೆ? ಕೈಚೆಲ್ಲಬೇಡಿ. ಮರುದಿನವೇ ವಾರ್ಡಿನ ಡಾಕ್ಟರಿಗೆ ನಿಜ ಹೇಳಿ, ಕೇಸ್‌ಶೀಟಿನಲ್ಲಿ ಬರೆದುಕೊಳ್ಳಲು ಕೇಳಿ. ತಡವಾದಷ್ಟೂ ನಂಬಿಸುವುದು ಕಷ್ಟ. ಆದರೆ ಎರಡನೇ ದಿನದ ಮಾತಿಗೆ ಆರನೇ ತಿಂಗಳ ಮಾತಿಗಿಂತ ತೂಕ ಇದೆ.

ಮರುದಿನದೊಳಗೆ: ಮಾಲಕರಿಗೆ ಒಂದು ಕಾಗದ

ಅಪಘಾತವಾದ ವಿಷಯ ಬಾಯಲ್ಲಿ ಹೇಳಿದರೂ ಇಎಸ್‌ಐ ನಿಯಮದ ಪ್ರಕಾರ ಸಾಕು. ಆದರೆ ಬಾಯಿಮಾತನ್ನು ಆಮೇಲೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇಎಸ್‌ಐ ವ್ಯಾಪ್ತಿಯ ಸಂಸ್ಥೆಯಲ್ಲಿ ಅಪಘಾತದ ಪುಸ್ತಕ ಇಡಬೇಕು, ಅದರಲ್ಲಿ ಬರೆಯಬೇಕು. ಮಾಲಕರು 24 ಗಂಟೆಯೊಳಗೆ ಇಎಸ್‌ಐಗೆ ವರದಿ ಕಳುಹಿಸಬೇಕು. ಇದಕ್ಕೆ ಫಾರ್ಮ್ 12 ಎನ್ನುತ್ತಾರೆ, ಈಗ ಆನ್‌ಲೈನಿನಲ್ಲೇ ಹೋಗುತ್ತದೆ. ಜೀವಹಾನಿಯಾದರೆ ತಕ್ಷಣ ತಿಳಿಸಬೇಕು. ಕಾರ್ಖಾನೆಯಾದರೆ, ಗಾಯಾಳು 48 ಗಂಟೆಗಿಂತ ಹೆಚ್ಚು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದರೆ ಕಾರ್ಖಾನೆಗಳ ಇಲಾಖೆಗೂ ತಿಳಿಸಬೇಕು.

ಇದನ್ನೆಲ್ಲ ಅವರು ಮಾಡುತ್ತಾರೆ ಎಂದು ನಂಬಿ ಕೂರುವುದಕ್ಕಿಂತ ನೀವೇ ಒಂದು ಕಾಗದ ಕೊಡುವುದು ಒಳ್ಳೆಯದು. ಭಾಷೆ ಚಂದ ಇರಬೇಕೆಂದೇನೂ ಇಲ್ಲ. ಇಷ್ಟಿದ್ದರೆ ಆಯಿತು:

"ವ್ಯವಸ್ಥಾಪಕರಿಗೆ. ನಾನು ನಿಮ್ಮ ಸಂಸ್ಥೆಯ ಪ್ರಿಂಟಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಇದೇ ತಿಂಗಳ ಇಂಥ ದಿನಾಂಕದಂದು ಬೆಳಗ್ಗೆ 11.20ರ ಹೊತ್ತಿಗೆ ಎರಡನೇ ಮೆಷಿನಿನಲ್ಲಿ ಸಿಕ್ಕಿಕೊಂಡ ಹಾಳೆ ತೆಗೆಯುವಾಗ ನನ್ನ ಬಲಗೈ ಹೆಬ್ಬೆರಳು ರೋಲರಿನ ಮಧ್ಯೆ ಸಿಕ್ಕಿ ಗಾಯವಾಗಿದೆ. ಆಗ ಪಕ್ಕದಲ್ಲಿ ಇಂಥವರು ಇದ್ದರು. ಕೂಡಲೇ ನನ್ನನ್ನು ಇಂಥ ಆಸ್ಪತ್ರೆಗೆ ಸೇರಿಸಿದರು. ಈ ಅಪಘಾತವನ್ನು ಪುಸ್ತಕದಲ್ಲಿ ದಾಖಲಿಸಿ, ಇಎಸ್‌ಐಗೆ ವರದಿ ಕಳುಹಿಸಿ, ಅದರ ಪ್ರತಿಯನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಆಫೀಸಿನ ಸೀಲು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಿ. ಜೊತೆಗೆ ಎಚ್‌ಆರ್ ಅವರ ವಾಟ್ಸ್ಯಾಪಿಗೂ ಅದರ ಫೋಟೋ ಹಾಕಿ. ಸಾಧ್ಯವಿದ್ದರೆ ಆ ಯಂತ್ರದ, ಆ ಜಾಗದ ಫೋಟೋವನ್ನು ಯಾರಾದರೂ ಅದೇ ದಿನ ತೆಗೆದಿಡಲಿ. ಮರುದಿನಕ್ಕೆ ಗಾರ್ಡ್ ಬಂದು ಕೂತಿರುತ್ತದೆ.

"ತಪ್ಪು ನಿನ್ನದೇ, ನೀನು ಜಾಗ್ರತೆ ಮಾಡಬೇಕಿತ್ತು" ಎನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ಹೆದರಬೇಡಿ. ಕೆಲಸ ಮಾಡುವಾಗ ಆದ ಅಪಘಾತಕ್ಕೆ ಪರಿಹಾರ ಕೊಡಲು ತಪ್ಪು ಯಾರದ್ದೆಂದು ನೋಡುವುದಿಲ್ಲ. ಕುಡಿದಿದ್ದರೆ, ಬೇಕೆಂದೇ ಸುರಕ್ಷೆಯ ನಿಯಮ ಮೀರಿದ್ದರೆ, ಬೇಕೆಂದೇ ಗಾರ್ಡ್ ಕಿತ್ತು ಹಾಕಿದ್ದರೆ ಮಾತ್ರ ಮಾಲಕರು ನೌಕರರ ಪರಿಹಾರದಿಂದ ತಪ್ಪಿಸಿಕೊಳ್ಳಬಹುದು. ಜೀವಹಾನಿ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದರೆ ಆ ನೆಪವೂ ನಡೆಯುವುದಿಲ್ಲ.

ನಿಮ್ಮದು ಯಾವ ದಾರಿ?

ಇಲ್ಲಿ ದಾರಿ ಎರಡಾಗುತ್ತದೆ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿದ್ದರೆ ನಿಮ್ಮದು ಸಾಮಾನ್ಯವಾಗಿ ಇಎಸ್‌ಐ ದಾರಿ. ಅಂಗವಿಕಲರಿಗೆ ಸಂಬಳದ ಮಿತಿ 25,000. ಅದಕ್ಕೆ ಹೊರಗಿದ್ದರೆ ನೌಕರರ ಪರಿಹಾರದ ದಾರಿ. ಒಂದೇ ಗಾಯಕ್ಕೆ ಎರಡೂ ಕೇಳಲು ಬರುವುದಿಲ್ಲ. ಇಎಸ್‌ಐ ವ್ಯಾಪ್ತಿಯಲ್ಲಿ ಇದ್ದವರು ಮಾಲಕರ ಮೇಲೆ ಪರಿಹಾರದ ದಾವೆ ಹಾಕಿದರೆ ಅದು ಬಿದ್ದು ಹೋಗುತ್ತದೆ, ವರ್ಷಗಳೂ ಹೋಗುತ್ತವೆ. ಆದ್ದರಿಂದ ಇದನ್ನು ಮೊದಲೇ ಖಚಿತ ಮಾಡಿಕೊಳ್ಳಿ.

ಗೊತ್ತಾಗುವುದು ಹೇಗೆ? ಸಂಬಳದ ಸ್ಲಿಪ್ಪಿನಲ್ಲಿ ಇಎಸ್‌ಐ ಎಂದು ಶೇ. 0.75 ಕಡಿತ ಇದೆಯಾ ನೋಡಿ. ಮಾಲಕರು ತಮ್ಮ ಪಾಲು ಶೇ. 3.25 ಸೇರಿಸಿ ಕಟ್ಟಬೇಕು. ನಿಮ್ಮ ಹತ್ತು ಅಂಕಿಯ ಇನ್ಶೂರೆನ್ಸ್ ನಂಬರ್ ಇಟ್ಟುಕೊಂಡು ಕೇಂದ್ರ ಸರಕಾರದ ಉಮಂಗ್ ಆ್ಯಪಿನಲ್ಲಿ ವಂತಿಗೆ ಜಮಾ ಆಗಿದೆಯಾ ಎಂದು ನೋಡಬಹುದು. ಗಾಯವಾಗುವ ಮೊದಲೇ, ಈಗಲೇ ನೋಡಿಟ್ಟರೆ ಇನ್ನೂ ಒಳ್ಳೆಯದು ಅಲ್ವಾ?

ಸಂಬಳದಿಂದ ಹಿಡಿದಿದ್ದಾರೆ, ಕಟ್ಟಿಲ್ಲ. ಅಥವಾ ಹದಿನೈದು ಜನ ಇದ್ದರೂ ನೋಂದಣಿಯನ್ನೇ ಮಾಡಿಸಿಲ್ಲ. ಹಾಗಿದ್ದರೂ ನಿಮ್ಮ ಹಕ್ಕು ಹೋಗುವುದಿಲ್ಲ. ಇಎಸ್‌ಐ ನಿಗಮ ನಿಮಗೆ ಸೌಲಭ್ಯ ಕೊಟ್ಟು, ಆ ಹಣವನ್ನು ಮಾಲಕರಿಂದ ವಸೂಲಿ ಮಾಡಬಹುದು. ನೀವು ಅಲ್ಲಿ ಕೆಲಸಕ್ಕಿದ್ದಿರಿ ಎಂಬುದಕ್ಕೆ ಆಧಾರ ಬೇಕಷ್ಟೆ: ಬ್ಯಾಂಕಿಗೆ ಬಂದ ಸಂಬಳ, ಹಾಜರಿಯ ಫೋಟೋ, ಗೇಟ್ ಪಾಸ್, ಗ್ರೂಪಿನಲ್ಲಿ ಬಂದ ಡ್ಯೂಟಿ ಚಾರ್ಟ್.

ಇಎಸ್‌ಐ ಇದ್ದವರಿಗೆ

ನಿಮ್ಮ ಕಾರ್ಡಿನಲ್ಲಿರುವ ಡಿಸ್ಪೆನ್ಸರಿಗೆ ಹೋಗಿ ಡಾಕ್ಟರಿಂದ ಸರ್ಟಿಫಿಕೇಟ್ ಪಡೆಯಬೇಕು. ದೊಡ್ಡ ಚಿಕಿತ್ಸೆಗೆ ಮಂಗಳೂರಿನ ಕದ್ರಿಯಲ್ಲಿರುವ ಇಎಸ್‌ಐ ಆಸ್ಪತ್ರೆ ಇದೆ. ಅಲ್ಲಿ ಆಗದ್ದಕ್ಕೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಸರ್ಟಿಫಿಕೇಟ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲನೆಯದು, ನಡುವಿನವು, ಕೊನೆಯದು ಎಂದು ಬರುತ್ತಾ ಹೋಗುತ್ತದೆ. ನಡುವೆ ಒಂದು ವಾರ ತಪ್ಪಿದರೆ ಆ ವಾರದ ಹಣಕ್ಕೆ ತಕರಾರು ಏಳುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವರಿಗೆ ಇದು ನಿಜಕ್ಕೂ ಕಷ್ಟದ ಕೆಲಸ. ಆದರೂ ಆಟೋ ಮಾಡಿಕೊಂಡು ಹೋಗಿ ಬನ್ನಿ ಎಂದೇ ಹೇಳುತ್ತೇನೆ.

ಗಾಯದ ರಜೆಯ ಹಣಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. "ನಿನ್ನೆ ಸೇರಿದವನಿಗೆ ಎಂತ ಇಎಸ್‌ಐ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಹೋಗಲಾಗದ ಗಾಯವಾಗಿರಬೇಕು, ಅಷ್ಟೆ.

ಗುಣವಾದ ಮೇಲೂ ಊನ ಉಳಿದರೆ ಅಲ್ಲಿಗೆ ಬಿಡಬೇಡಿ. ಬೆರಳು ಹೋಗಿದೆ, ಕಣ್ಣು ಮಂಜಾಗಿದೆ, ಭುಜ ಮೇಲೆ ಏಳುವುದಿಲ್ಲ, ಹೀಗೆ ಏನೇ ಇರಲಿ, ಮೆಡಿಕಲ್ ಬೋರ್ಡಿಗೆ ಕಳುಹಿಸಿ ಎಂದು ಬರೆದು ಕೇಳಿ. ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ಬೋರ್ಡ್ ಹೇಳುತ್ತದೆ, ಅದರ ಪ್ರಕಾರ ಜೀವನಪರ್ಯಂತ ಹಣ ಬರುತ್ತದೆ. ಬೋರ್ಡ್ ಕಡಿಮೆ ಹೇಳಿತು ಎನಿಸಿದರೆ ಮೇಲ್ಮನವಿಗೂ ಅವಕಾಶ ಇದೆ. ಮತ್ತೆ ಕೆಲಸಕ್ಕೆ ಸೇರಿ ಸಂಬಳ ಪಡೆಯುತ್ತಿದ್ದರೂ ಈ ಹಣ ನಿಲ್ಲುವುದಿಲ್ಲ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಗಾಯ ಮಾಯ್ದದ್ದೇ ಸಾಕು ಎಂದು ಡ್ಯೂಟಿಗೆ ಹೋಗಿಬಿಡುತ್ತಾರೆ.

ಇಎಸ್‌ಐ ಇಲ್ಲದವರಿಗೆ

ಸಣ್ಣ ಗ್ಯಾರೇಜು, ಗುತ್ತಿಗೆದಾರರ ಕೈಕೆಳಗಿನ ಸೆಂಟ್ರಿಂಗ್ ಕೆಲಸ, ಮರದ ಮಿಲ್ಲು, ಲಾರಿ. ಇಂಥ ಕಡೆ ಗಾಯವಾದರೆ ಮಾಲಕರೇ ಪರಿಹಾರ ಕೊಡಬೇಕು. ಆಸ್ಪತ್ರೆಯ ಖರ್ಚನ್ನು ಬಿಲ್ಲಿನ ಪ್ರಕಾರ ಅವರೇ ಕೊಡಬೇಕು. ಕೆಲಸಕ್ಕೆ ಹೋಗಲಾಗದ ಅವಧಿಗೆ ಪ್ರತಿ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25, ಅಂದರೆ ಹೆಚ್ಚುಕಡಿಮೆ ಅರ್ಧ ಸಂಬಳ.

ಶಾಶ್ವತ ಊನವಾದರೆ ಲೆಕ್ಕ ಬೇರೆ. ತಿಂಗಳ ಸಂಬಳದ ಶೇ. 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಅಂಶದಿಂದ ಗುಣಿಸುತ್ತಾರೆ. ಸಂಬಳ ಎಷ್ಟೇ ಇರಲಿ, 2020ರ ಜನವರಿಯಲ್ಲಿ ಕೇಂದ್ರ ನಿಗದಿ ಮಾಡಿದಂತೆ ಲೆಕ್ಕಕ್ಕೆ ಹಿಡಿಯುವುದು 15,000ವರೆಗೆ. ಮೂವತ್ತು ವರ್ಷದವರಿಗೆ ಆ ಅಂಶ 207.98. ಅಂದರೆ 9,000 ಗುಣಿಸು 207.98, ಒಟ್ಟು 18,71,820 ರೂಪಾಯಿ. ಇದು ಪೂರ್ತಿ ಶಾಶ್ವತ ಊನಕ್ಕೆ. ಒಂದು ಹೆಬ್ಬೆರಳು ಹೋದರೆ ಕಾನೂನಿನಲ್ಲಿರುವ ಗಾಯಗಳ ಪಟ್ಟಿಯ ಪ್ರಕಾರ ಶೇ. 30. ಆಗ ಸಿಗಬೇಕಾದ್ದು 5,61,546 ರೂಪಾಯಿ. ತೋರುಬೆರಳು ಪೂರ್ತಿ ಹೋದರೆ ಶೇ. 14. ಈಗ ಐವತ್ತು ಸಾವಿರ ಕೈಗೆ ಕೊಟ್ಟು ಮುಗಿಸಿದ ಕಥೆಗಳನ್ನು ನೆನಪಿಸಿಕೊಳ್ಳಿ.

ಪಟ್ಟಿಯ ಶೇಕಡಾವಾರೇ ಕೊನೆಯ ಮಾತು ಅಂತಲೂ ಇಲ್ಲ. ಎಡಗೈ ಮೊಣಕೈಗಿಂತ ಮೇಲೆ ಕತ್ತರಿಸಬೇಕಾಗಿ ಬಂದ ಒಬ್ಬ ಬಡಗಿಯ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲು ಸಾಧ್ಯವಿಲ್ಲ, ಹಾಗಾಗಿ ಅವನ ನಷ್ಟ ನೂರಕ್ಕೆ ನೂರು ಎಂದು ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. ಅಂದರೆ ಎಷ್ಟು ಅಂಗ ಹೋಯಿತು ಎನ್ನುವುದರ ಜೊತೆಗೆ, ಆ ಅಂಗ ಇಲ್ಲದೆ ನಿಮ್ಮ ಕಸುಬು ಸಾಗುತ್ತದಾ ಎಂದೂ ನೋಡಬೇಕು. ಅರ್ಜಿಯಲ್ಲಿ ನಿಮ್ಮ ಕಸುಬನ್ನು ವಿವರವಾಗಿ ಬರೆಸಿ. "ಕೂಲಿ" ಎಂದಷ್ಟೇ ಬರೆಸಿದರೆ ಈ ಮಾತು ಹೇಳಲು ಜಾಗವೇ ಇರುವುದಿಲ್ಲ.

ಇನ್ನು ಮೂರು ವಿಷಯ. ಒಂದು, ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ ಎಂದರೆ ಕೆಲಸ ಕೊಟ್ಟ ಮುಖ್ಯ ಮಾಲಕರಿಂದಲೇ ಪರಿಹಾರ ಕೇಳಬಹುದು. ಅವರು ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಎರಡು, "ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ" ಎಂದು ಬರೆಸಿಕೊಂಡ ಪತ್ರಕ್ಕೆ ಬೆಲೆ ಇಲ್ಲ. ಆದರೂ ಸಹಿ ಹಾಕಲು ಹೋಗಬೇಡಿ, ಆಮೇಲೆ ಅದನ್ನು ಹಿಡಿದು ಎಳೆದಾಡುತ್ತಾರೆ. ಸಾವು ಸಂಭವಿಸಿದ ಮನೆಗೆ ಮಾಲಕರು ನೇರ ಹಣ ಕೊಟ್ಟರೆ ಅದು ಕಾನೂನಿನ ಪರಿಹಾರ ಎನಿಸಿಕೊಳ್ಳುವುದಿಲ್ಲ, ಪರಿಹಾರ ತೀರ್ಮಾನಿಸುವ ಸರಕಾರಿ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಮೂರು, ಅರ್ಜಿ ಹಾಕಲು ಎರಡು ವರ್ಷ ಸಮಯ ಇದೆ. ಎರಡು ವರ್ಷ ದೊಡ್ಡದು ಎನಿಸುತ್ತದೆ. ಮಾತುಕತೆ, ಭರವಸೆ, "ಮಳೆಗಾಲ ಕಳೆಯಲಿ" ಎನ್ನುವುದರಲ್ಲೇ ಅದು ಮುಗಿಯುತ್ತದೆ.

ಮೀನುಗಾರಿಕಾ ದೋಣಿಯವರಿಗೆ ಸರಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಗುಂಪು ಅಪಘಾತ ವಿಮೆ ಕೂಡ ಇದೆ. ಸಾವು ಅಥವಾ ಪೂರ್ಣ ಊನಕ್ಕೆ 5 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 2.5 ಲಕ್ಷ. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿ ಆಗುತ್ತದೆ.

ಕಾಯಿಲೆಯೂ ಗಾಯವೇ. ಕ್ವಾರಿ, ಕ್ರಷರ್‌ಗಳ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಸದ್ದಿನಿಂದ ಕಿವಿ ಕೇಳದೆ ಹೋಗುವುದು, ಇವೆಲ್ಲ ಕಾನೂನಿನ ಪಟ್ಟಿಯಲ್ಲೇ ಇವೆ. "ಅಸ್ತಮಾ" ಎಂದು ಮದ್ದು ಕೊಟ್ಟರೆ ಡಾಕ್ಟರಿಗೆ ನಿಮ್ಮ ಕೆಲಸ ಏನು, ಎಷ್ಟು ವರ್ಷದಿಂದ ಎಂದು ಹೇಳಿ.

ದಾರಿಯಲ್ಲಿ ಆದ ಅಪಘಾತ

ಬೆಳಗ್ಗೆ ಶಿಫ್ಟಿಗೆಂದು ಬೈಕಿನಲ್ಲಿ ಹೊರಟು ಸುರತ್ಕಲ್ ಹತ್ತಿರ ಹೆದ್ದಾರಿಯ ಹೊಂಡಕ್ಕೆ ಬಿದ್ದರೆ ಅದು ಕೆಲಸದ ಗಾಯವಾ? ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ತೋರಿಸಲು ಆದರೆ, ಹೌದು. ಇಎಸ್‌ಐನಲ್ಲಿ ಇದು 2010ರಿಂದಲೇ ಇದೆ. ನೌಕರರ ಪರಿಹಾರ ಕಾಯ್ದೆಗೂ ಇದು ಅನ್ವಯಿಸುತ್ತದೆ ಎಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೋಡುವುದು ಸಮಯ, ದಾರಿ, ಸಂದರ್ಭ ಈ ಮೂರನ್ನು. ಆಸ್ಪತ್ರೆಯಲ್ಲಿ "ಬೈಕಿನಿಂದ ಬಿದ್ದದ್ದು" ಎಂದಷ್ಟೇ ಹೇಳದೆ "ಡ್ಯೂಟಿಗೆ ಹೋಗುವಾಗ" ಎಂದು ಸೇರಿಸಿ ಹೇಳಿ. ಆ ದಿನದ ಶಿಫ್ಟ್ ಚಾರ್ಟ್ ತೆಗೆದಿಡಿ.

ರಜೆಯಲ್ಲಿ ಇರುವಾಗ

ಮನೆಯಲ್ಲಿ ಇದ್ದಷ್ಟು ದಿನ ಕೆಲವು ಎಚ್ಚರ ಬೇಕು. ಇಎಸ್‌ಐ ಹಣ ಪಡೆಯುವ ದಿನಗಳಲ್ಲಿ ಬೇರೆಲ್ಲೂ ಕೂಲಿಗೆ ಹೋಗಬಾರದು. ಸಂಬಂಧಿಕರ ಅಂಗಡಿಯಲ್ಲಿ ಕ್ಯಾಶಿಗೆ ಕೂತು ಸಂಬಳ ತೆಗೆದುಕೊಂಡರೂ ತೊಂದರೆ. ಘಟ್ಟದ ಮೇಲಿನ ಊರಿನಿಂದ ಬಂದವರು ಊರಿಗೆ ಹೋಗಿ ಸುಧಾರಿಸಿಕೊಳ್ಳುವ ಮನಸ್ಸಿದ್ದರೆ ಡಾಕ್ಟರ ಒಪ್ಪಿಗೆ ಕೇಳಿಯೇ ಹೊರಡಿ.

ಕೆಲಸದಿಂದ ತೆಗೆಯುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಇಎಸ್‌ಐ ಕಾಯ್ದೆಯಲ್ಲಿ ಇದಕ್ಕೆ ಗಟ್ಟಿಯಾದ ರಕ್ಷಣೆ ಬರೆದಿದ್ದಾರೆ. ಗಾಯದ ಅಥವಾ ಕಾಯಿಲೆಯ ಹಣ ಪಡೆಯುತ್ತಿರುವಾಗ, ಸರ್ಟಿಫಿಕೇಟಿನ ಮೇಲೆ ರಜೆಯಲ್ಲಿರುವಾಗ ವಜಾ ಮಾಡುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಶಿಕ್ಷೆ ಕೊಡುವಂತಿಲ್ಲ. ಆ ಅವಧಿಯಲ್ಲಿ ಕೊಟ್ಟ ನೋಟಿಸು ನಡೆಯುವುದಿಲ್ಲ. ಇದಕ್ಕೂ ಮಿತಿ ಇದೆ. ಸತತ ಆರು ತಿಂಗಳು ದಾಟಿದ ಮೇಲೆ, ಸೇವಾ ನಿಯಮದಲ್ಲಿ ಅವಕಾಶ ಇದ್ದರೆ, ಮಾಲಕರು ಸರಿಯಾದ ನೋಟಿಸು ಕೊಟ್ಟು ತೆಗೆಯಲು ದಾರಿ ಇದೆ. ಹಾಗಾಗಿ ಐದನೇ ತಿಂಗಳಿಗೇ ಡಾಕ್ಟರ ಜೊತೆ ಕೂತು, ಯಾವಾಗ ಹೋಗಬಹುದು, ಯಾವ ಕೆಲಸ ಮಾಡಬಹುದು ಎಂದು ಮಾತಾಡಿ.

ಅಂಗಡಿ, ಆಫೀಸು, ಹೋಟೆಲಿನವರಿಗೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಇದೆ. ಕಾಯಿಲೆಗೂ ಆಗುತ್ತದೆ, ಅಪಘಾತಕ್ಕೂ ಆಗುತ್ತದೆ.

ರಜೆಯ ಮಾಹಿತಿಯನ್ನು ಪ್ರತಿ ಸಲ ಬರೆದೇ ಕಳುಹಿಸಿ. ಹೊಸ ಸರ್ಟಿಫಿಕೇಟ್ ಸಿಕ್ಕಿದ ದಿನವೇ ಫೋಟೋ ತೆಗೆದು ಆಫೀಸಿಗೆ ಹಾಕಿದರೆ ಮುಗಿಯಿತು. "ಹೇಳದೆ ಗೈರುಹಾಜರು" ಎಂಬ ಆರೋಪ ಹುಟ್ಟುವುದೇ ಈ ಮೌನದಿಂದ.

ಮತ್ತೆ ಕೆಲಸಕ್ಕೆ ಹೋಗುವ ದಿನ

ಕೊನೆಯ ಸರ್ಟಿಫಿಕೇಟಿನಲ್ಲಿ ಯಾವ ತಾರೀಕಿನಿಂದ ಕೆಲಸಕ್ಕೆ ಯೋಗ್ಯ ಎಂದು ಬರೆದಿರುತ್ತದೆ. ಅದೇ ದಿನ ಹಾಜರಾಗಿ. ಹೋಗುವ ಮೊದಲು ಡಾಕ್ಟರ ಹತ್ತಿರ ಒಂದು ವಿಷಯ ಬಿಡಿಸಿ ಬರೆಸಿಕೊಳ್ಳಿ. "ಹಗುರ ಕೆಲಸ" ಎಂಬ ಎರಡು ಪದ ಸಾಲದು. ಯಾರಿಗೆ ಯಾವುದು ಹಗುರ? ಐಸ್ ಪ್ಲಾಂಟಿನಲ್ಲಿ ಗಡ್ಡೆ ಎಳೆಯುವುದು ಬಿಟ್ಟು ಲೆಕ್ಕ ಬರೆಯುವುದೂ ಹಗುರವೇ, ಗಡ್ಡೆಯನ್ನು ಕ್ರಷರಿಗೆ ದೂಡುವುದೂ ಅವರ ಲೆಕ್ಕದಲ್ಲಿ ಹಗುರವೇ. ಆದ್ದರಿಂದ ಹೀಗೆ ಬರೆಸಿ: ಎರಡು ತಿಂಗಳು ಹತ್ತು ಕಿಲೋಗಿಂತ ಹೆಚ್ಚು ಎತ್ತಬಾರದು, ಬಲಗೈ ಭುಜಕ್ಕಿಂತ ಮೇಲೆ ಎತ್ತುವ ಕೆಲಸ ಬೇಡ, ಒಂದು ಗಂಟೆಗಿಂತ ಹೆಚ್ಚು ನಿಂತುಕೊಳ್ಳಬಾರದು, ಕೈ ನೀರಿನಲ್ಲಿ ನೆನೆಯಬಾರದು. ನಿಮ್ಮ ಕೆಲಸದ ಒಂದು ದಿನ ಹೇಗಿರುತ್ತದೆ ಎಂದು ಡಾಕ್ಟರಿಗೆ ವಿವರಿಸಿದರೆ ಅವರು ಸರಿಯಾಗಿಯೇ ಬರೆಯುತ್ತಾರೆ.

ಖಾಸಗಿ ಸಂಸ್ಥೆ ಹಗುರ ಕೆಲಸ ಕೊಡಲೇಬೇಕು ಎಂದು ನೇರವಾಗಿ ಒತ್ತಾಯಿಸುವ ದಾರಿ ಸುಲಭ ಇಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಡಾಕ್ಟರ ಪತ್ರ ಕೈಯಲ್ಲಿ ಇದ್ದೂ ಅದೇ ಭಾರದ ಕೆಲಸಕ್ಕೆ ಹಾಕಿ, ಮತ್ತೆ ಪೆಟ್ಟಾದರೆ ಹೊಣೆ ಅವರ ಕುತ್ತಿಗೆಗೆ ಬರುತ್ತದೆ. ಇದು ಮಾಲಕರಿಗೂ ಗೊತ್ತು. ಆದ್ದರಿಂದ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ಆಫೀಸಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಗೇಟಿನಲ್ಲೇ "ಸದ್ಯ ಬೇಡ, ಫೋನ್ ಮಾಡ್ತೇವೆ" ಎಂದು ಕಳುಹಿಸಿದರೆ? ಜಗಳ ಬೇಡ, ಸುಮ್ಮನೆ ಮನೆಗೂ ಬರಬೇಡಿ. ಅಲ್ಲೇ ಗೇಟಿನ ಎದುರು ನಿಂತು ಫೋನಿನಲ್ಲಿ ಬರೆದು ಕಳುಹಿಸಿ: "ಇವತ್ತು ಬೆಳಗ್ಗೆ ಇಷ್ಟು ಗಂಟೆಗೆ ಫಿಟ್‌ನೆಸ್ ಸರ್ಟಿಫಿಕೇಟ್ ಸಮೇತ ಡ್ಯೂಟಿಗೆ ಹಾಜರಾದೆ. ಒಳಗೆ ಬಿಡಲಿಲ್ಲ. ನಾನು ಕೆಲಸ ಮಾಡಲು ಸಿದ್ಧನಿದ್ದೇನೆ." ಅದೇ ಮಾತನ್ನು ಸಂಜೆಯೊಳಗೆ ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಕೆಲಸ ಬಿಟ್ಟು ಹೋದದ್ದು ನೀವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ರಾಜೀನಾಮೆ ಬರೆದುಕೊಡಿ, ಆಮೇಲೆ ಹೊಸದಾಗಿ ಸೇರಿಸಿಕೊಳ್ಳುತ್ತೇವೆ ಎಂದರೆ ಬರೆಯಬೇಡಿ. ಗ್ರ್ಯಾಚುಟಿಯ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಇಡುಗಂಟಿನ) ವರ್ಷಗಳು ಅಲ್ಲೇ ತುಂಡಾಗುತ್ತವೆ. ಕೆಲಸದ ಗಾಯದಿಂದ ರಜೆಯಲ್ಲಿದ್ದ ದಿನಗಳು ಗ್ರ್ಯಾಚುಟಿಯ ಲೆಕ್ಕದಲ್ಲಿ ಕೆಲಸ ಮಾಡಿದ ದಿನಗಳೇ.

ಹಳೆಯ ಕೆಲಸ ಇನ್ನು ಆಗದಿದ್ದರೆ

ಸರಕಾರಿ ಸಂಸ್ಥೆಯಲ್ಲಿ ಇದ್ದರೆ ನಿಮ್ಮ ಹಕ್ಕು ಬಹಳ ಬಲವಾದದ್ದು. ಕೆಎಸ್‌ಆರ್‌ಟಿಸಿ ಚಾಲಕರಾಗಲಿ, ಪಣಂಬೂರಿನ ಬಂದರಿನ ನೌಕರರಾಗಲಿ, ಸರಕಾರಿ ಬ್ಯಾಂಕಿನವರಾಗಲಿ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದು ಹಾಗೆ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಮಾಡಿ ಇಟ್ಟುಕೊಳ್ಳಬೇಕು. ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎಂದು ಹಿತವಚನ ಹೇಳುವವರು ಸಿಗುತ್ತಾರೆ. ಸಹಿಗೆ ಮೊದಲು ಈ ಕಾಯ್ದೆಯ ಹೆಸರು ಹೇಳಿ ಅರ್ಜಿ ಕೊಡಿ.

ಖಾಸಗಿಯವರಿಗೆ ಇಷ್ಟು ಭದ್ರತೆ ಇಲ್ಲ. ಕೆಲಸ ಬಿಡಲೇಬೇಕಾಗಿ ಬಂದರೆ ಎರಡು ಹಣ ಮರೆಯಬೇಡಿ. ಅಂಗವೈಕಲ್ಯದಿಂದ ಕೆಲಸ ನಿಂತರೆ ಗ್ರ್ಯಾಚುಟಿಗೆ ಐದು ವರ್ಷ ಆಗಿರಬೇಕೆಂಬ ನಿಯಮ ಇಲ್ಲ. ಪೂರ್ಣ ಶಾಶ್ವತ ಊನವಾಗಿದ್ದರೆ ಪಿಎಫ್‌ನ ಪಿಂಚಣಿ ಯೋಜನೆಯಲ್ಲಿ, ಒಂದೇ ತಿಂಗಳ ವಂತಿಗೆ ಇದ್ದರೂ, ಅಂಗವಿಕಲ ಪಿಂಚಣಿಗೆ ಅರ್ಜಿ ಹಾಕಬಹುದು.

ಯಾರ ಬಾಗಿಲು ತಟ್ಟಬೇಕು

ಇಎಸ್‌ಐ ವಿಷಯವಾದರೆ ಮೊದಲು ನಿಮ್ಮ ಶಾಖಾ ಕಚೇರಿ, ಅಲ್ಲಿ ಆಗದಿದ್ದರೆ ಮಂಗಳೂರಿನ ಉಪ ಪ್ರಾದೇಶಿಕ ಕಚೇರಿ. ಸಹಾಯವಾಣಿ 1800-11-2526. ಕೆಲಸಕ್ಕೆ ಸೇರಿಸಿಕೊಳ್ಳದಿದ್ದರೆ, ಸಂಬಳ ತಡೆದರೆ ಕಾರ್ಮಿಕ ಇಲಾಖೆಯ ಕಚೇರಿ. ಉಡುಪಿಯವರು ಮಣಿಪಾಲದ ಜಿಲ್ಲಾಡಳಿತ ಸಂಕೀರ್ಣ ರಜತಾದ್ರಿಯಲ್ಲಿ ವಿಚಾರಿಸಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂದೆ ಸರಿಯಬೇಡಿ. ಎರಡೂ ಜಿಲ್ಲೆಗಳ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯ ಎಷ್ಟೆಂದು ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನಿನಲ್ಲಿ ಕೇಳಬೇಕಾದರೆ 15100.

ಹೋಗುವಾಗ ಒಂದು ಫೈಲಿನಲ್ಲಿ ಇಷ್ಟು ತೆಗೆದುಕೊಂಡು ಹೋಗಿ: ಮೊದಲ ದಿನದ ಆಸ್ಪತ್ರೆ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಮಾಲಕರಿಗೆ ಕೊಟ್ಟ ಪತ್ರದ ಸೀಲಿನ ಪ್ರತಿ, ಪೋಸ್ಟಿನ ರಶೀದಿ, ಸಂಬಳ ಜಮಾ ಆದ ಆರು ತಿಂಗಳ ಪಾಸ್‌ಬುಕ್, ವಯಸ್ಸಿನ ದಾಖಲೆ, ಜೊತೆಗಿದ್ದವರ ಹೆಸರು ಮತ್ತು ಫೋನ್ ನಂಬರ್. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ಜೆರಾಕ್ಸ್ ಸಾಕು. ಜೊತೆಗಿದ್ದ ಸಹೋದ್ಯೋಗಿ ಒಡಿಶಾದವರೋ ಬಿಹಾರದವರೋ ಆಗಿದ್ದರೆ ಅವರ ಊರಿನ ವಿಳಾಸವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಅವರು ಇಲ್ಲಿ ಇರುತ್ತಾರೆಂದು ಹೇಳಲಾಗದು.